ಲಿಫ್ಟ್ ಪರೀಕ್ಷಕರ ಮೆಟ್ಟಿಲು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಲಿಫ್ಟ್ ಪರೀಕ್ಷಕರು ತಮ್ಮ ಮನೆಯಿರುವ ಏಳನೇ ಮಹಡಿಯಿಂದ ಮೆಟ್ಟಿಲಲ್ಲಿ ಕೆಳಗೆ ಓಡುತ್ತಿದ್ದರು. ಊರಿನ ಲಿಫ್ಟುಗಳಿಗೆಲ್ಲ ‘ಸುರಕ್ಷಿತ’ ಎಂದು ಸಹಿ ಹಾಕುವವರು ಇವರೇ, ಆದರೆ ಕೆಲಸಕ್ಕಲ್ಲದೆ ಒಂದನ್ನೂ ಹತ್ತುವವರಲ್ಲ. “ಅಡುಗೆಯವರೇ ಉಪವಾಸ ಇದ್ರೆ ನಾವು ಉಣ್ಣೋದು ಹೇಗೆ ಸಾರ್?” ಎಂದು ಕಾವಲುಗಾರ ಕಿಚಾಯಿಸಿದರೆ “ವ್ಯಾಯಾಮ ಕಣಪ್ಪಾ” ಎನ್ನುತ್ತಾರೆ. ಮಂಡಿನೋವಿನ ಹೆಂಡತಿಗೆ ಮಾತ್ರ ಲಿಫ್ಟೇ ಗತಿ. ಆಕೆ ಇಳಿಯುವಾಗ ಇವರು ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು “ಇದ್ದೀಯೇನೇ?” ಎಂದು ಕೂಗುತ್ತಾರೆ, “ಇದ್ದೀನ್ರೀ” ಎಂದು ಕೇಳಿಸುವವರೆಗೆ ಉಸಿರು ಬಿಡುವುದಿಲ್ಲ. ಇವತ್ತು ಆಕೆ ತಮಾಷೆಗೆ ಸುಮ್ಮನಿದ್ದರು. ಕೆಳಗೆ ಬಾಗಿಲು ತೆರೆದಾಗ ಗಂಡ ನೆಲದಲ್ಲಿ ಕುಸಿದು ಕೂತಿದ್ದರು, ಮುಖ ಸುಣ್ಣದಂತೆ ಬಿಳಿಚಿತ್ತು. ಹೆದರಿದ ಆಕೆ ಪಕ್ಕದಲ್ಲೇ ಕೂತು ಅವರ ಕೈ ಹಿಡಿದು, “ಈ ಲಿಫ್ಟಿನ ಹಗ್ಗ ಎಷ್ಟು ಭಾರ ತಡೆಯುತ್ತೆ, ನೀವೇ ಹೇಳಿ” ಎಂದರು. ಕೂತಲ್ಲಿಂದಲೇ ಉತ್ತರ ಬಂತು: “ನಿನ್ನಂಥವರು ಎಂಟು ಜನ ನಿಂತರೆ ಎಷ್ಟು ಭಾರವೋ, ಅದರ ಹನ್ನೆರಡು ಪಟ್ಟು.”