ಹುಲಗಪ್ಪ ಪಿಸ್ತೂಲು ಹಿಡಿದದ್ದು

"ಜಲ್ಮದಾಗ ನನ್ನ ಗುರಿ ಒಂದ ಸಲ ತಪ್ಯಾದ. ಅವತ್ತು ಗುಡ್ಡನ ಜಾಗ ಬಿಟ್ಟು ಸರದಿತ್ತು."

ಸಗರದ ಕುರಿಗಾರ ಹುಲಗಪ್ಪ ಹೀಗೆಂದರೆ ಯಾರೂ ನಗುತ್ತಿರಲಿಲ್ಲ. ಅವನ ಕವಣೆಯ ಸದ್ದಿಗೆ ಶಹಾಪುರ ಗುಡ್ಡದ ತೋಳಗಳು ಕುರಿಯ ಆಸೆ ಬಿಟ್ಟು ಜೋಳದ ರೊಟ್ಟಿ ತಿನ್ನುವುದನ್ನು ಕಲಿತಿದ್ದವು.

ನಿಜಾಮನ ರಾಜ್ಯ ಮುಗಿದು, ಹೊಸ ಸರಕಾರ ಪೊಲೀಸರನ್ನು ಸೇರಿಸಿಕೊಳ್ಳತೊಡಗಿತು. ಕೆಂಭಾವಿಯ ತವರಿಗೆ ಹೋಗಿ ಕೂತಿದ್ದ ಹೆಂಡತಿ ಮಾಳಮ್ಮ ಹೇಳಿ ಕಳಿಸಿದಳು: "ಕುರಿ ಹಿಂದ ತಿರುಗಿ ನನ್ನ ಕಾಲು ಸವದಾವ. ಬೆಲ್ಟ್ ಹಾಕ್ಕೊಂಡು ಬಂದ್ರ ಬರ್ತೀನಿ. ಇಲ್ಲಂದ್ರ ಕುರಿ ಕೂಡನ ಬಾಳೇವು ಮಾಡು." ಹುಲಗಪ್ಪ ಸುರಪುರಕ್ಕೆ ಹೋಗಿ ಭರ್ತಿಯಾದ. ಆದರೆ ಪಿಸ್ತೂಲಿನ ಪರೀಕ್ಷೆ ಪಾಸಾದವನಿಗೆ ಮಾತ್ರ ಬೆಲ್ಟು ಖಾಯಂ.

ಕಲಿಸುವ ಜಮೇದಾರ ದೇವಿಂದ್ರಪ್ಪನಿಗೆ ಗುರಿಗಿಂತ ನಿಲುವಿನ ಹುಚ್ಚು. "ಕಾಲು ಅಗಲ ಮಾಡು. ಮಣಕಾಲು ಸಡಲ ಬಿಡು. ಎದಿ ತುಸು ಮುಂದ. ಮೊದಲ ನಿಲ್ಲೂದು ಕಲಿಯಲೇ."

ಹುಲಗಪ್ಪನ ಮೈ ಕೇಳಬೇಕಲ್ಲ. ಜಮೇದಾರನ ಕಣ್ಣು ತಪ್ಪಿದರೆ ಸಾಕು, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಹಚ್ಚಿ ಕೊಕ್ಕರೆಯಂತೆ ನಿಂತುಬಿಡುತ್ತಿದ್ದ. ಕುರಿ ಮೇಯಿಸುವವರು ನಿಲ್ಲುವುದೇ ಹಾಗೆ. ಅದನ್ನಾದರೂ ತಿದ್ದಬಹುದಿತ್ತು. ಕೈಯದು ಬೇರೆಯೇ ರೋಗ. ಕವಣೆಯಿಂದ ಕಲ್ಲು ಹಾರಬೇಕಾದರೆ ಹಗ್ಗದ ಒಂದು ತುದಿಯನ್ನು ಬಿಡಬೇಕು. ಅದೇ ರೂಢಿಗೆ, ಟ್ರಿಗರ್ ಎಳೆಯುತ್ತಲೇ ಅವನ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಖಾಲಿ ಪಿಸ್ತೂಲು ಬಿದ್ದು ಬಿದ್ದು ಕಾಲಿನ ಹೆಬ್ಬೆರಳು ಬದನೆಕಾಯಿಯಾಯಿತು.

"ಯಾಕ ಬಿಡ್ತೀಯೋ?"

"ನಾ ಬಿಡಂಗಿಲ್ರಿ. ಕೈ ಬಿಡ್ತದ."

"ಕೈ ಯಾರದು?"

"ನಂದ ಅನ್ಕೊಂಡಿದ್ದೆರಿ."

ಬೆರಳು ಬಿಚ್ಚದಿರಲೆಂದು ಹುಲಗಪ್ಪ ರಾತ್ರಿ ಮುಷ್ಟಿಗೆ ರುಮಾಲು ಬಿಗಿದುಕೊಂಡು ಮಲಗಿದ. ತಂಬಿಗೆ ಹಿಡಿದರೆ ಹಿತ್ತಾಳೆ ನೆಗ್ಗುತ್ತಿತ್ತು. ಪಿಸ್ತೂಲು ಹಿಡಿದರೆ ಮತ್ತೆ ಅದೇ ಹಾಡು. ತನ್ನ ಕೈಯನ್ನೇ ಬೈದು ಬೈದು ಬಾಯಿ ಸೋತಿತು.

ಪರೀಕ್ಷೆಯ ದಿನ ಕಾಲು ಸರಿ, ಮೊಣಕಾಲು ಸರಿ, ಎದೆಯೂ ಸರಿ. ಮಾಳಮ್ಮ ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಕಣ್ಣಿಗೆ ಕಟ್ಟಿತು. ಉಸಿರು ಬಿಗಿಹಿಡಿದು ಎಳೆದ. ಗುಂಡು ಮುಂದೆ ಹೋಯಿತು, ಪಿಸ್ತೂಲು ಹಿಂದೆ. ಅದು ಬೇವಿನ ಮರದ ತುದಿ ಸವರಿ, ಕೃಷ್ಣೆಯಾಚೆಯ ರಾಯಚೂರು ಸೀಮೆಯನ್ನು ಒಮ್ಮೆ ಇಣುಕಿ ನೋಡಿ, ದೇವಿಂದ್ರಪ್ಪ ನಿಂತಿದ್ದ ಜಾಗಕ್ಕೇ ಬಂದು ಬಿತ್ತು. ದೇವಿಂದ್ರಪ್ಪ ಅಲ್ಲಿರಲಿಲ್ಲ, ಮಾರು ದೂರದಲ್ಲಿ, ಎಮ್ಮೆ ಸಗಣಿಯ ಮೇಲೆ ಬೋರಲು ಬಿದ್ದಿದ್ದ. ಗುರಿಯ ಹಲಗೆಯಲ್ಲಿ ತೂತಿರಲಿಲ್ಲ.

ಎದ್ದ ಜಮೇದಾರ ಮೀಸೆ ಒರೆಸಿಕೊಂಡ. "ಬೆಲ್ಟ್ ಬಿಚ್ಚಿಡು. ಹೆಂಡ್ತಿಗಿ ಹೋಗಿ ಏನಂತ ಹೇಳ್ತಿ?"

ಹುಲಗಪ್ಪ ಬೆಲ್ಟು ಬಿಚ್ಚಿ ಅವನ ಕೈಗೇ ಕೊಟ್ಟ.

"ಹೇಳೂದೇನದ್ರಿ ಜಮೇದಾರ್ರ. ನಿಲ್ಲೂದು ಕಲಸಾವ್ರ ಮೊದಲ ಮಕ್ಕೊಂಡ್ರು ಅಂತೀನಿ."