ಮೆಟ್ಟಿಲ ಮುಂದಿನ ಚೆಕ್‌ಪೋಸ್ಟ್

ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವುದು ನನ್ನ ಕಸುಬು, ಅಜ್ಜಂಪುರದಲ್ಲಿ ಅಂಗಡಿ. ತರೀಕೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದ ಮಗಳು ಒಂದು ದಿನ ಮೊಳದುದ್ದದ ರೇಸ್ ಕಾರಿನ ಬಿಡಿಭಾಗಗಳನ್ನು ತಂದು ನನ್ನ ಮುಂದೆ ಸುರಿದಳು. ಕಡೇ ವರ್ಷದ ಪ್ರಾಜೆಕ್ಟಂತೆ. ರಿಮೋಟಿನಲ್ಲೂ ಓಡಬೇಕು, ಗುಂಡಿ ಒತ್ತಿದರೆ ತಾನಾಗಿಯೂ ಓಡಬೇಕು. ಯಾರೂ ಮುಟ್ಟದೆ ಅದು ಒಂದು ಸುತ್ತು ಮುಗಿಸದಿದ್ದರೆ ಅವಳು ಪಾಸಾಗುವಂತಿಲ್ಲ. ಒಳ್ಳೆ ಪೀಕಲಾಟ!

ಮೋಟಾರು, ಚಕ್ರ ನನ್ನ ಪಾಲಿಗೆ ಬಂದವು, ಕಂಪ್ಯೂಟರು ಅವಳ ಪಾಲಿಗೆ. ಅಂಗಳದಲ್ಲಿ ದಾರಿ ಬರೆದವಳು ನನ್ನ ಹೆಂಡತಿ. ರಂಗೋಲಿ ಪುಡಿಯಲ್ಲಿ ಎರಡು ಗೆರೆ, ನಡುವೆ ಕಾರು. ನಾನು ರಿಮೋಟಿನಲ್ಲಿ ಸುತ್ತಿಸುತ್ತಿದ್ದರೆ ಅದರ ಮೂತಿಯಲ್ಲಿದ್ದ ಕ್ಯಾಮೆರಾ ಫೋಟೋ ತೆಗೆಯುತ್ತಾ ಹೋಗುತ್ತಿತ್ತು. ನಾನು ಎಲ್ಲಿ ತಿರುಗಿಸಿದೆ, ಎಲ್ಲಿ ನಿಲ್ಲಿಸಿದೆ ಎಂಬುದನ್ನು ಆ ಫೋಟೋಗಳಿಂದ ಕಲಿತು ಆಮೇಲೆ ಅದೇ ಓಡುತ್ತದೆ ಎಂದು ಮಗಳು ವಿವರಿಸಿದಳು.

ಮಂಡಿನೋವಿನ ಹೆಂಡತಿ ಗೆರೆ ಎಳೆದು ಮುಗಿಸಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕಾರು ಹತ್ತಿರ ಬಂದರೆ ಸಾಕು, ದಾರಿಗೆ ಅಡ್ಡ ಕಾಲು ಚಾಚುವಳು.

"ಚೆಕ್‌ಪೋಸ್ಟ್ ಕಣ್ರೀ, ನಿಲ್ಸಿ. ಗಾಡೀಲಿ ಏನೈತೆ?"

"ಲೇ, ಕಾಲು ತೆಗಿಯೇ. ಮಗಳ ಓದಿನ ವಿಷ್ಯ ಕಣೇ" ಎಂದು ನಾನು ರೇಗುವೆ. ಆದರೂ ನಿಲ್ಲಿಸದೆ ವಿಧಿಯಿಲ್ಲ. ಅವಳು ನಕ್ಕು ಕಾಲು ತೆಗೆದ ಮೇಲೆಯೇ ಕಾರು ಮುಂದೆ ಹೋಗುವುದು. ಪ್ರತಿ ಸುತ್ತಿಗೂ ಇದೇ ಗೋಳು.

ಪ್ರಾಜೆಕ್ಟು ಮುಗಿಯುವ ಮೊದಲೇ ಹೆಂಡತಿ ಎದೆನೋವಿನಿಂದ ಹೋಗಿಬಿಟ್ಟಳು. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆವು, ತರೀಕೆರೆ ದಾಟುವಷ್ಟರಲ್ಲಿ ಮುಗಿದುಹೋಗಿತ್ತು. ಸೂತಕದ ಮನೆ ಮುಂದೆ ರಂಗೋಲಿ ಹಾಕುವಂತಿಲ್ಲ. ಗೆರೆಯಿಲ್ಲದ ಅಂಗಳ ನೋಡಲಾರದೆ ನಾನು ಹಿತ್ತಿಲ ಬಾಗಿಲಿನಿಂದಲೇ ಓಡಾಡಿದೆ. ಕಾರು ಮಂಚದ ಕೆಳಗೆ ಬಿದ್ದಿತ್ತು.

ತಿಥಿ ಕಳೆದ ಮೇಲೆ ಮಗಳು ತಾನೇ ಗೆರೆ ಎಳೆದು ಗುಂಡಿ ಒತ್ತಿದಳು. ಕಾರು ಹೊರಟಿತು, ತಿರುವಿನಲ್ಲಿ ಚೆನ್ನಾಗಿಯೇ ತಿರುಗಿತು, ಮೆಟ್ಟಿಲ ಮುಂದೆ ಬಂದು ನಿಂತುಬಿಟ್ಟಿತು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಬಿಟ್ಟರೆ ಮತ್ತೆ ಅಲ್ಲೇ ನಿಂತಿತು. ಎಷ್ಟು ಹೊತ್ತು ಕಾದರೂ ಹೊರಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಅಲ್ಲಿ ನಿಲ್ಲೋದನ್ನೇ ಕಲ್ತೈತೆ. ಅಮ್ಮ ಕಾಲು ಅಡ್ಡ ಇಟ್ಟಿರೋ ಫೋಟೋ ಎಲ್ಲಾ ತೆಗೆದು ಹಾಕ್ಬೇಕು ಕಣಪ್ಪ" ಎಂದಳು ಮಗಳು, ನನ್ನ ಮುಖ ನೋಡದೆ. "ಫೋಟೋ ಎಲ್ಲೂ ಹೋಗಲ್ಲ, ಬೇರೆ ಕಡೆ ಇಟ್ಕೊತೀನಿ. ಕಾರಿಗೆ ಮಾತ್ರ ಮರೆಸ್ತೀನಿ."

ಆ ಮಾತಿಗೆ ಕೆಟ್ಟ ಕೋಪ ಬಂತು. ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡಿ, ಕೊನೆಗೆ, "ನೀನು ಪಾಸಾಗ್ಲಿ ಅಂತ ಗೆರೆ ಎಳ್ದೋಳು ಅವ್ಳು. ಮರೆಸು ಮಗಾ" ಎಂದೆ.

ಮರುದಿನ ಕಾರು ಮೆಟ್ಟಿಲನ್ನು ನಿಲ್ಲದೆ ದಾಟಿ, ಸುತ್ತು ಮುಗಿಸಿತು. "ಆಯ್ತು ಕಣಪ್ಪ" ಎಂದ ಮಗಳು ಹೋಗಿ ತಾಯಿ ಕೂರುತ್ತಿದ್ದ ಜಾಗದಲ್ಲಿ ಕೂತಳು. ಕಾರು ಇನ್ನೊಂದು ಸುತ್ತು ಬರುವಾಗ ತಾಯಿಯ ಹಾಗೆಯೇ ಕಾಲು ಚಾಚಿದಳು.

ಅದು ನಿಲ್ಲಲಿಲ್ಲ. ಅವಳ ಪಾದಕ್ಕೆ ಮೂತಿ ಒತ್ತಿಕೊಂಡು ಚಕ್ರ ತಿರುಗಿಸುತ್ತಲೇ ಇತ್ತು. ಅವಳೂ ಕಾಲು ತೆಗೆಯಲಿಲ್ಲ. ನಾನೇ ರಿಮೋಟು ಎತ್ತಿಕೊಂಡು ಕಾರನ್ನು ನಿಲ್ಲಿಸಿದೆ.