ಸಲ್ಲಿಕೆಯಾಗದ ಅರ್ಜಿಗಳು

ನಾಲ್ಕು ವರ್ಷದ ಹಿಂದಿನ ಮಾತು. ಮಧುಗಿರಿಯಲ್ಲಿ ಕೋರ್ಟಿನ ಹಿಂದಿನ ಬೀದಿಯಲ್ಲಿ ನಾನೂ ನನ್ನ ಕಾಲೇಜಿನ ಸಹಪಾಠಿ ರುದ್ರೇಶನೂ ಸೇರಿ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಚೇರಿ ನಡೆಸುತ್ತಿದ್ದೆವು. ಪುಟಗಳ ವಿನ್ಯಾಸ ನನ್ನದು. ಅದನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸುವುದು ಅವನದು. ಆ ವರ್ಷ ಶಿರಾದ ಕಡೆಯ ಒಂದು ಖಾಸಗಿ ನರ್ಸಿಂಗ್ ಶಾಲೆ ಪ್ರವೇಶದ ಅರ್ಜಿಯನ್ನು ಆನ್‌ಲೈನ್ ಮಾಡುವ ಕೆಲಸ ಒಪ್ಪಿಸಿತು.

ಅರ್ಜಿಯ ಕೊನೆಯಲ್ಲಿ ಎರಡು ಬಟನ್ ಇಟ್ಟಿದ್ದೆ. ‘ಉಳಿಸಿ’ ಎಂಬುದು ದೊಡ್ಡದು, ಹಸಿರು. ಅದನ್ನು ಒತ್ತಿದರೆ ತುಂಬಿದ ವಿವರ ಕರಡಾಗಿ ಉಳಿದು, ಪರದೆಯ ಮೇಲೆ ‘ಧನ್ಯವಾದಗಳು’ ಎಂದು ಬರುತ್ತಿತ್ತು. ಆದರೆ ಅರ್ಜಿ ಶಾಲೆಗೆ ತಲುಪಲು ಕೆಳಗಿನ ‘ಸಲ್ಲಿಸಿ’ಯನ್ನೂ ಒತ್ತಬೇಕಿತ್ತು. ಅದಕ್ಕೆ ತೆಳು ಬೂದು ಬಣ್ಣ ಕೊಟ್ಟಿದ್ದೆ, ನೋಡಲು ಚೆನ್ನಾಗಿತ್ತು. ಜನ ಅದನ್ನು ಗಮನಿಸುತ್ತಾರೋ ಇಲ್ಲವೋ ಎಂಬ ಅನುಮಾನ ಇಲ್ಲದಿರಲಿಲ್ಲ. “ಪಾವಗಡದ ಕಡೆ ಹೋಗಿ ಐದು ಜನರ ಕೈಲಿ ಅವರವರ ಫೋನಲ್ಲೇ ತುಂಬಿಸಿ ನೋಡು” ಎಂದೆ. ಮೂರನೇ ದಿನ ರುದ್ರೇಶ ವರದಿ ತಂದ. ಅಲ್ಲಿನ ಬಲಸಮುದ್ರ ಎಂಬ ಊರಿನ ಐವರ ಹೆಸರು, ಒಬ್ಬೊಬ್ಬರಿಗೆ ಹಿಡಿದ ನಿಮಿಷ, ಎಲ್ಲರೂ ತೊಡಕಿಲ್ಲದೆ ಸಲ್ಲಿಸಿದರು ಎಂಬ ಷರಾ. ಓದಿ ಸಹಿ ಹಾಕಿದೆ.

ಪ್ರವೇಶ ಮುಗಿದ ವಾರ ಬಲಸಮುದ್ರದಿಂದಲೇ ನಾಗರತ್ನ ಎಂಬಾಕೆ ಬಂದಳು. ಸೋಲಾರ್ ಫಲಕ ತೊಳೆಯುವ ಕೆಲಸ ಮಾಡುತ್ತಲೇ ಪಿಯುಸಿ ಮುಗಿಸಿದ್ದಳು. ಶಾಲೆಯವರು ನಿನ್ನ ಅರ್ಜಿಯೇ ಬಂದಿಲ್ಲ, ಸೈಟ್ ಮಾಡಿದವರನ್ನು ಕೇಳು ಎಂದಿದ್ದರಂತೆ.

“ಧನ್ಯವಾದ ಅಂತ ಬಂತಲ್ಲಕ್ಕ. ಮುಗೀತು ಅಂತ ಫೋನ್ ಮಡಗ್ಬುಟ್ಟೆ. ಕೆಲ್ಸಾನೂ ಬುಟ್ಟೆ.”

ಸರ್ವರ್ ತೆರೆದು ನೋಡಿದೆ. ಅವಳದೂ ಸೇರಿ ಇಪ್ಪತ್ತಮೂರು ಅರ್ಜಿಗಳು ಕರಡಾಗಿಯೇ ಉಳಿದಿದ್ದವು. ವರದಿ ತೆಗೆದು, ಈ ಐವರು ಗೊತ್ತೇ ಎಂದು ಕೇಳಿದೆ. ಅವಳು ಮೊದಲ ಹೆಸರಿನ ಮೇಲೆ ಬೆರಳಿಟ್ಟಳು.

“ಈಯಮ್ಮ ನಮ್ಮ ಪಕ್ಕದ ಮನೆಯವ್ರು. ಅವ್ರತ್ರ ಫೋನೇ ಇಲ್ಲಕ್ಕ. ಯಾರೂ ಬಂದಿಲ್ಲ ನಮ್ಮೂರಿಗೆ.”

ರುದ್ರೇಶ ಎದುರಿನ ಮೇಜಿನಲ್ಲೇ ಕೂತಿದ್ದ. ಅವಳು ಹೊರಗೆ ಹೋದ ಮೇಲೆ ವರದಿಯನ್ನು ಅವನ ಮುಂದಿಟ್ಟು ಕೇಳಿದೆ.

“ಅಷ್ಟು ದೂರ ಯಾರು ಹೋಗ್ತಾರೆ ಶೈಲಾ? ಮತದಾರರ ಪಟ್ಟೀಲಿ ಹೆಸರು ತಗೊಂಡು ಇಲ್ಲೇ ಕೂತು ಐದು ಸಲ ನಾನೇ ತುಂಬ್ದೆ. ನೀನು ಮಾಡಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ.”

ಹತ್ತು ವರ್ಷ ಒಟ್ಟಿಗೆ ಊಟದ ಡಬ್ಬಿ ಬಿಚ್ಚಿದವನು. ಒಂದು ದಿನದ ಬಸ್ ಪ್ರಯಾಣ ತಪ್ಪಿಸಲು ನಿಮಿಷಗಳನ್ನೂ ಕಲ್ಪಿಸಿ ಬರೆದಿದ್ದ. ಅದಕ್ಕೆ ನನ್ನ ಮೇಲಿನ ನಂಬಿಕೆಯನ್ನೇ ಕಾರಣ ಮಾಡಿದ್ದು ಹೆಚ್ಚು ನೋಯಿಸಿತು. ಆ ತಿಂಗಳೇ ಬೇರೆಯಾದೆವು. ಬಸ್ ನಿಲ್ದಾಣದಲ್ಲಿ ಎದುರಾದರೆ ಇಂದಿಗೂ ಮಾತಿಲ್ಲ.

ತಪ್ಪು ನಮ್ಮದೆಂದು ಬರೆದುಕೊಂಡು ಶಾಲೆಗೆ ಹೋದೆ. ಉಳಿದಿದ್ದ ನಾಲ್ಕು ಸೀಟುಗಳನ್ನು ಆ ಇಪ್ಪತ್ತಮೂರು ಜನರಲ್ಲಿ ಅಂಕ ನೋಡಿ ಕೊಟ್ಟರು. ನಾಗರತ್ನಳಿಗೆ ಸಿಗಲಿಲ್ಲ. ಅವಳಿಗೊಂದು ವರ್ಷ ಹೋಯಿತು.

ಮರುವರ್ಷ ಅದೇ ಶಾಲೆಗೆ ಹೊಸ ಪುಟ ಮಾಡಿಕೊಂಡು ನಾನೇ ಬಲಸಮುದ್ರಕ್ಕೆ ಹೋದೆ. ನಾಗರತ್ನ ಮುಖ ಕೊಟ್ಟು ಮಾತಾಡಲಿಲ್ಲ, ಆದರೆ ಜಗಲಿಯ ಮೇಲೆ ಕೂತು ಅರ್ಜಿ ತುಂಬತೊಡಗಿದಳು. ಜನ್ಮದಿನಾಂಕದ ಜಾಗದಲ್ಲಿ ಬೆರಳು ನಿಂತಿತು. ಕ್ಯಾಲೆಂಡರ್ ಒಂದೊಂದೇ ತಿಂಗಳು ಹಿಂದೆ ಸರಿಯುತ್ತಿತ್ತು.

“ನಾನು ಹುಟ್ಟಿದ ವರ್ಸಕ್ಕೆ ಹೋಗೋಕೆ ಇನ್ನೆಷ್ಟು ಸಲ ಒತ್ಬೇಕಕ್ಕ?”

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ತುಂಬುವವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರದೆ ಯಾವ ಪುಟಕ್ಕೂ ಸಹಿ ಹಾಕಬಾರದು. ಆ ಕೆಲಸಕ್ಕೆ ಈಗ ಬೇರೆಯವರನ್ನು ಕಳಿಸುವುದಿಲ್ಲ.